ಚಕ್ರದ ಮನೆಯ ಮುಚ್ಚಿದ ಬಾಗಿಲು
(ಗೃಹಕೃತ್ಯದ ಒಂದು ಪಾಠ)

ಗೃಹಕೃತ್ಯವೆಂದರೆ ಅಡಿಗೆ, ಹೊಲಿಗೆ, ಶಿಶುಪಾಲನೆ ಇವಿಷ್ಟೇ ಎಂದು ತಿಳಿಯುವವರುಂಟು. ಆದರೆ ಬಾಗಿಲನ್ನು ಕ್ರಮವಾಗಿ ತೆರೆಯುವುದೂ ಮುಚ್ಚುವುದೂ ಮನೆವಾರ್ತೆಯ ಮೊದಲನೆಯ ಪಾಠವೆಂದರೆ ತಪ್ಪಾಗಲಾರದು. ನಮ್ಮ ನಾಡಿನ ಹಿರಿಯ ಗೃಹಿಣಿಯರು ಬೀಗದಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೋ ಸೆರಗಿನ ತುದಿಗೆ ಗಂಟು ಹಾಕಿಕೊಂಡೋ ಓಡಾಡುತ್ತಿದ್ದುದು ಅಲಂಕಾರಕ್ಕಾಗಿ ಅಲ್ಲ. ಬಾಗಿಲು ಮುಚ್ಚಿತು, ಬೀಗದಕೈ ಒಳಗೆ ಉಳಿಯಿತು ಎಂಬ ಮಾತು ಅವರ ಮನೆಗಳಲ್ಲಿ ಅಪರೂಪವಾಗಿತ್ತು.

ಈ ಪಾಠದಲ್ಲಿ ನಾವು ಒಂದು ವಿಶೇಷವಾದ ಮನೆಯ ಬಾಗಿಲನ್ನು ಕುರಿತು ವಿಚಾರಿಸುವೆವು. ಅದು ಚಕ್ರಗಳ ಮೇಲೆ ಉರುಳಿಕೊಂಡು ಹೋಗುವ ಮನೆ. ಅದಕ್ಕೆ ಕ್ಯಾರವಾನ್ ಎಂದು ಹೆಸರು. ಕನ್ನಡನಾಡಿನಿಂದ ಹೋಗಿ ಇಂಗ್ಲೆಂಡ್, ಆಸ್ಟ್ರೇಲಿಯ ಮುಂತಾದ ದೇಶಗಳಲ್ಲಿ ನೆಲೆಸಿರುವ ಕುಟುಂಬಗಳಿಗೆ ಇದು ಅಪರಿಚಿತವಲ್ಲ. ಮಕ್ಕಳ ರಜೆಯಲ್ಲಿ ಅದನ್ನು ಬಾಡಿಗೆಗೆ ಹಿಡಿದು ಸಮುದ್ರತೀರಕ್ಕೋ ಬೆಟ್ಟದ ತಪ್ಪಲಿಗೋ ಹೋಗಿ ಬರುವುದು ಅಲ್ಲಿಯ ವಾಡಿಕೆ. ನಮ್ಮ ನೆರೆಯ ಕೇರಳ ಸರ್ಕಾರವು ಸಹ ೨೦೨೧ರಲ್ಲಿ ಇಂತಹ ವಾಹನಗಳಲ್ಲಿ ಪ್ರವಾಸ ಮಾಡುವುದಕ್ಕೆ ಉತ್ತೇಜನ ಕೊಡುವ ಯೋಜನೆಯನ್ನು ಪ್ರಕಟಿಸಿತು. ಆದಕಾರಣ ಈ ವಿಷಯವು ದೂರದ್ದೆಂದು ಎಣಿಸಬೇಕಾದುದಿಲ್ಲ. ಇಲ್ಲಿ ಹೇಳುವ ನಿಯಮಗಳಲ್ಲಿ ಹೆಚ್ಚಿನವು ಬಹುಮಹಡಿಯ ಕಟ್ಟಡಗಳಲ್ಲಿ ವಾಸಿಸುವವರಿಗೂ ಸಲ್ಲುವವು.

೧. ಕ್ಯಾರವಾನ್ ಎಂಬುದು

ಈ ಶಬ್ದವು ಪಾರಸಿ ಭಾಷೆಯದು. ಮರುಭೂಮಿಯಲ್ಲಿ ಒಂಟೆಗಳೊಡನೆ ಕೂಡಿ ಪ್ರಯಾಣಮಾಡುವ ವರ್ತಕರ ತಂಡಕ್ಕೆ ಮೊದಲು ಆ ಹೆಸರಿತ್ತು. ಇಂಗ್ಲಿಷರು ಅದನ್ನು ಮುಚ್ಚಿಗೆಯಿರುವ ಬಂಡಿಗೆ ಅನ್ವಯಿಸಿದರು. ಸರಕು ಸಾಗಿಸುವ ‘ವ್ಯಾನ್’ ಎಂಬುದೂ ಈ ಶಬ್ದದ ಬಾಲವೇ. ನೌಕಾಸೇನೆಯಲ್ಲಿ ವೈದ್ಯರಾಗಿದ್ದು ನಿವೃತ್ತರಾದ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ಗ್ರಂಥಕರ್ತರು ೧೮೮೫ರಲ್ಲಿ, ಬ್ರಿಸ್ಟಲ್ ಪಟ್ಟಣದ ಬಂಡಿ ಕಾರ್ಖಾನೆಯಲ್ಲಿ ತಮಗಾಗಿ ಮಾಡಿಸಿದ ಕುದುರೆಯ ಬಂಡಿಮನೆಯಲ್ಲಿ ದೇಶಸಂಚಾರ ಮಾಡಿದರು. ಅದಕ್ಕೆ ‘ವಾಂಡರರ್’, ಅಂದರೆ ಅಲೆಮಾರಿ, ಎಂದು ಹೆಸರಿಟ್ಟಿದ್ದರು. ಸಂತೋಷಕ್ಕಾಗಿ ಬಂಡಿಮನೆಯಲ್ಲಿ ತಿರುಗಾಡುವ ಪದ್ಧತಿಗೆ ಅವರನ್ನೇ ಮಾರ್ಗದರ್ಶಕರೆಂದು ಎಣಿಸುವರು. ೧೯೦೭ರಲ್ಲಿ ಬ್ರಿಟನ್ನಿನಲ್ಲಿ ಇಂತಹ ಪ್ರವಾಸಿಗರ ಸಂಘವು ಸ್ಥಾಪಿತವಾಯಿತು. ಒಂದನೆಯ ಮಹಾಯುದ್ಧವು ಮುಗಿದ ಮೇಲೆ, ೧೯೧೯ರಲ್ಲಿ, ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಕಂಪೆನಿಯವರು ಮೋಟಾರು ಕಾರಿನ ಹಿಂದೆ ಕಟ್ಟಿ ಎಳೆಯತಕ್ಕ ಕ್ಯಾರವಾನುಗಳನ್ನು ತಯಾರಿಸಲಾರಂಭಿಸಿದರು.

ಈಗಿನ ಕ್ಯಾರವಾನಿನಲ್ಲಿ ಮಂಚ, ಮೇಜು, ಒಲೆ, ಶೀತಪೆಟ್ಟಿಗೆ, ಸ್ನಾನದ ಮನೆ ಎಲ್ಲವೂ ಉಂಟು. ಆದರೆ ಸಾಮಾನ್ಯವಾಗಿ ಒಂದೇ ಬಾಗಿಲು. ಹಿತ್ತಲ ಬಾಗಿಲಿಲ್ಲದ ಮನೆ ಇದು. ಈ ಒಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮಾತುಗಳ ಅರ್ಥವು ತಾನಾಗಿ ತಿಳಿಯುವುದು.

೨. ಬೀಗವು ಕೆಲಸಮಾಡುವ ಬಗೆ

ಕನ್ನಡದಲ್ಲಿ ನಾವು ಬೀಗಕ್ಕೆ ‘ಕೈ’ ಉಂಟೆನ್ನುವೆವು. ಇದು ಬಹು ಸೊಗಸಾದ ಮಾತು. ಏಕೆಂದರೆ ಒಳಗೆ ಕೈಹಾಕಿ ಅಗುಳಿಯನ್ನು ಸರಿಸಲಾರದವನಿಗೆ ಅದು ಕೈಯಾಗಿ ಒದಗುವುದು. ಪ್ರಾಚೀನ ಐಗುಪ್ತ ದೇಶದಲ್ಲಿ ಮರದ ಬೀಗಗಳಿದ್ದವು. ಅಗುಳಿಯ ತೂತುಗಳೊಳಗೆ ಮೇಲಿನಿಂದ ಮರದ ಗೂಟಗಳು ಬಿದ್ದು ಅದನ್ನು ಹಿಡಿದಿಡುತ್ತಿದ್ದವು. ಹಲ್ಲುಗಳಿರುವ ದೊಡ್ಡ ಮರದ ಕೈಯಿಂದ ಆ ಗೂಟಗಳನ್ನು ಎತ್ತಿ ಅಗುಳಿಯನ್ನು ಎಳೆಯುತ್ತಿದ್ದರು. ಯೆಶಾಯನ ಗ್ರಂಥದ ೨೨ನೆಯ ಅಧ್ಯಾಯದಲ್ಲಿ ಬೀಗದಕೈಯನ್ನು ಹೆಗಲ ಮೇಲೆ ಇಡುವ ಮಾತು ಬಂದಿರುವುದನ್ನು ಓದಿ ಆಶ್ಚರ್ಯಪಡುವ ಬಾಲಿಕೆಯರು, ಆ ಕಾಲದ ಬೀಗದಕೈಗಳ ಗಾತ್ರವನ್ನು ನೆನೆದರೆ ಅದರ ಔಚಿತ್ಯವನ್ನು ತಿಳಿದುಕೊಳ್ಳುವರು.

ಅಮೆರಿಕದ ಲೈನಸ್ ಯೇಲ್ ಎಂಬ ಯಂತ್ರಜ್ಞನು ೧೮೬೧ರಲ್ಲಿಯೂ ೧೮೬೫ರಲ್ಲಿಯೂ ಪಡೆದ ಹಕ್ಕುಪತ್ರಗಳಿಂದ ಪ್ರಸಿದ್ಧಿಗೆ ಬಂದ ಚಿಕ್ಕ ಲೋಹದ ಬೀಗವು ಇದೇ ಐಗುಪ್ತದ ತತ್ತ್ವವನ್ನು ಅನುಸರಿಸಿದ್ದು. ಕ್ಯಾರವಾನಿನ ಬಾಗಿಲಿನಲ್ಲಿ ಸಾಮಾನ್ಯವಾಗಿ ಇರುವುದು ಇದರ ತಂಗಿಯೆನ್ನಬಹುದಾದ ಹಗುರವಾದ ಬೀಗ. ಅದರೊಳಗೆ ತಿರುಗುವ ಒಂದು ಉರುಳೆಯಿದೆ. ಉರುಳೆಯಲ್ಲಿ ನಾಲ್ಕಾರು ತೆಳ್ಳಗಿನ ಹಿತ್ತಾಳೆಯ ಹಲ್ಲೆಗಳು ಸಣ್ಣ ಸಣ್ಣ ಸುರುಳಿತಂತಿಗಳ ಬಲದಿಂದ ಹೊರಕ್ಕೆ ಚಾಚಿಕೊಂಡು, ಸುತ್ತಲಿನ ಚಿಪ್ಪಿನ ಗಾಡಿಯಲ್ಲಿ ಸಿಕ್ಕಿಕೊಂಡಿರುವವು. ಆದುದರಿಂದ ಉರುಳೆಯು ತಿರುಗದು. ಸರಿಯಾದ ಬೀಗದಕೈಯನ್ನು ತೂರಿಸಿದಾಗ ಅದರ ಏರಿಳಿತಗಳು ಒಂದೊಂದು ಹಲ್ಲೆಯನ್ನೂ ತಕ್ಕಷ್ಟೇ ಸರಿಸಿ ಸಮಮಾಡುವವು. ಆಗ ಉರುಳೆ ತಿರುಗಿ ಅಗುಳಿಯು ಹಿಂದಕ್ಕೆ ಹೋಗುವುದು. ಒಂದು ಹಲ್ಲೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಾಗಿಲು ತೆರೆಯದು. ಬಲಪ್ರಯೋಗದಿಂದ ಮುರಿಯುವುದು ಬೀಗವಲ್ಲ, ಬೀಗದಕೈ ಎಂಬುದಕ್ಕೆ ಇದೇ ಕಾರಣ.

ಇಲ್ಲಿ ಒಂದು ಇತಿಹಾಸದ ದೃಷ್ಟಾಂತವನ್ನು ಹೇಳುವೆವು. ಲಂಡನ್ನಿನಲ್ಲಿ ಬ್ರಾಮಾ ಎಂಬವರ ಅಂಗಡಿಯ ಕಿಟಕಿಯಲ್ಲಿ ೧೭೯೦ರಿಂದ ಒಂದು ಬೀಗವನ್ನು ತೂಗುಹಾಕಿ, ಬೀಗದಕೈಯಿಲ್ಲದೆ ಇದನ್ನು ತೆರೆದವರಿಗೆ ೨೦೦ ಗಿನಿಗಳನ್ನು ಕೊಡುವೆವೆಂದು ಸಾರಿದ್ದರು. ಅರುವತ್ತು ವರುಷಗಳಿಗೂ ಹೆಚ್ಚು ಕಾಲ ಯಾರಿಗೂ ಅದು ಸಾಧ್ಯವಾಗಲಿಲ್ಲ. ೧೮೫೧ರ ಮಹಾಪ್ರದರ್ಶನಕ್ಕೆಂದು ಅಮೆರಿಕದಿಂದ ಬಂದ ಹಾಬ್ಸ್ ಎಂಬವನು ಹದಿನಾರು ದಿನಗಳಲ್ಲಿ ಒಟ್ಟು ೫೧ ಗಂಟೆ ಕುಳಿತು ಅದನ್ನು ತೆರೆದನು. ಅವನು ಗೆದ್ದದ್ದು ತೋಳ್ಬಲದಿಂದಲ್ಲ, ತಾಳ್ಮೆಯಿಂದ.

೩. ಹೊರಗೆ ಸಿಕ್ಕಿಬೀಳುವುದಕ್ಕೆ ಕಾರಣಗಳು

ಮೊದಲನೆಯದು, ಬೀಗದಕೈಯು ಒಳಗಿರುವಾಗಲೇ ಬಾಗಿಲು ಬಡಿದುಕೊಳ್ಳುವುದು. ಬಯಲಿನಲ್ಲಿ ಗಾಳಿ ಹೆಚ್ಚು; ಬಾಗಿಲು ಹಗುರ; ಕೆಲವು ಬಾಗಿಲುಗಳು ಮುಚ್ಚಿದೊಡನೆ ತಾವಾಗಿ ಬೀಗ ಹಾಕಿಕೊಳ್ಳುವವು. ಎರಡನೆಯದು, ಒಳಗಿರುವ ಮಗುವು ಆಟಕ್ಕೆಂದು ಒಳಗಿನ ಚಿಲಕವನ್ನು ಒತ್ತಿಬಿಡುವುದು. ಮೂರನೆಯದು, ತುಕ್ಕಿನಿಂದಲೂ ಕಡಲ ಉಪ್ಪುಗಾಳಿಯಿಂದಲೂ ಬೀಗವು ಬಿಗಿದುಕೊಂಡು ಬೀಗದಕೈಯು ಒಳಗೇ ತುಂಡಾಗುವುದು. ನಾಲ್ಕನೆಯದು, ಚಳಿದೇಶಗಳಲ್ಲಿ ಬೀಗದೊಳಗಿನ ತೇವವು ಹೆಪ್ಪುಗಟ್ಟುವುದು. ಐದನೆಯದು ಅನೇಕರಿಗೆ ಹೊಳೆಯದ ಕಾರಣ: ಕ್ಯಾರವಾನಿನ ನಾಲ್ಕು ಮೂಲೆಗಳಲ್ಲಿ ನೆಲಕ್ಕೆ ಇಳಿಸುವ ಆನಿಕೆಯ ಕಾಲುಗಳಿರುವವು. ಅವುಗಳನ್ನು ಸಮವಾಗಿ ಇಳಿಸದೆ ಒಂದನ್ನು ಅತಿಯಾಗಿ ಬಿಗಿದರೆ ಗಾಡಿಯ ಮೈ ಸ್ವಲ್ಪ ತಿರುಚಿಕೊಂಡು ಬಾಗಿಲು ಚೌಕಟ್ಟಿನಲ್ಲಿ ಕಚ್ಚಿಕೊಳ್ಳುವುದು. ಅಲ್ಲಿ ಬೀಗದ ದೋಷವೇನೂ ಇರುವುದಿಲ್ಲ. ಆ ಕಾಲನ್ನು ತುಸು ಸಡಿಲಿಸಿದರೆ ಬಾಗಿಲು ತೆರೆಯುವುದು.

೪. ಮೊದಲು ಕೇಳಿಕೊಳ್ಳತಕ್ಕ ಎರಡು ಪ್ರಶ್ನೆಗಳು

ಬಾಗಿಲು ಮುಚ್ಚಿಹೋಯಿತೆಂದು ತಿಳಿದ ಕೂಡಲೇ ಹಿಡಿಯನ್ನು ಜಗ್ಗತೊಡಗುವುದು ಮನುಷ್ಯಸ್ವಭಾವ. ಅದಕ್ಕೆ ಮುಂಚೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು: ಒಳಗೆ ಯಾರಾದರೂ ಇದ್ದಾರೆಯೇ? ಒಳಗೆ ಏನಾದರೂ ಉರಿಯುತ್ತಿದೆಯೇ?

ಒಬ್ಬ ತಾಯಿಯು ಬೆಳಿಗ್ಗೆ ಒಲೆಯ ಮೇಲೆ ಚಹದ ನೀರನ್ನಿಟ್ಟು, ಎರಡು ವರುಷದ ಮಗುವನ್ನು ಒಳಗೆ ಬಿಟ್ಟು, ನೀರಿನ ಪೀಪಾಯಿಯನ್ನು ತುಂಬಿಸುವುದಕ್ಕಾಗಿ ಬಯಲಿನ ನಲ್ಲಿಗೆ ಹೋದಳೆಂದು ಇಟ್ಟುಕೊಳ್ಳೋಣ. ಹಿಂತಿರುಗುವಷ್ಟರಲ್ಲಿ ಬಾಗಿಲು ಬಿದ್ದುಕೊಂಡಿದೆ, ಬೀಗದಕೈ ಮೇಜಿನ ಮೇಲಿದೆ, ಮಗುವು ಕಿಟಕಿಯಿಂದ ನೋಡುತ್ತಿದೆ, ಒಲೆಯು ಉರಿಯುತ್ತಿದೆ. ಆಕೆಯು ಏನು ಮಾಡಬೇಕು?

ಮೊದಲು ಬೆಂಕಿಯ ಮಾತು. ಒಲೆಯು ಒಳಗಿದ್ದರೂ ಅನಿಲದ ಸಿಲಿಂಡರು ಬಹುಮಟ್ಟಿಗೆ ಹೊರಗಿನಿಂದ ತೆರೆಯತಕ್ಕ ಪೆಟ್ಟಿಗೆಯಲ್ಲಿರುವುದು. ಅದರ ತಿರುಪನ್ನು ಮುಚ್ಚಿದರೆ ಒಲೆಯು ತಾನಾಗಿ ಆರಿಹೋಗುವುದು. ಬಾಗಿಲನ್ನು ಮುಟ್ಟುವುದಕ್ಕೆ ಮುಂಚೆ ಮಾಡತಕ್ಕ ಕೆಲಸ ಇದು. ಅರ್ಧ ನಿಮಿಷವೂ ಬೇಡ. ಒಳಗೆ ವಿದ್ಯುತ್ತಿನ ಶಾಖಯಂತ್ರವು ನಡೆಯುತ್ತಿದ್ದರೆ, ಬಯಲಿನ ಕಂಬದಿಂದ ಬರುವ ತಂತಿಯನ್ನು ಕಂಬದ ಕಡೆಯಲ್ಲಿ ಬಿಡಿಸಿದರೆ ಸಾಕು. ಆದರೆ ಅನಿಲದ ವಾಸನೆ ಬರುತ್ತಿದ್ದರೆ ಯಾವ ಗುಂಡಿಯನ್ನೂ ತಂತಿಯನ್ನೂ ಮುಟ್ಟಕೂಡದು, ಕಡ್ಡಿ ಗೀರಕೂಡದು. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ನಿಲ್ಲುವುದು. ಅದಕ್ಕಾಗಿಯೇ ಕ್ಯಾರವಾನಿನ ತಳದಲ್ಲಿ ರಂಧ್ರಗಳನ್ನಿಟ್ಟಿರುವರು. ಚಳಿಯೆಂದು ಅವುಗಳನ್ನು ಬಟ್ಟೆಯಿಂದ ತುರುಕಿ ಮುಚ್ಚುವವರು ತಮ್ಮ ಪ್ರಾಣಕ್ಕೆ ತಾವೇ ಅಪಾಯವನ್ನು ತಂದುಕೊಳ್ಳುವರು.

ಎರಡನೆಯದು ಮಗುವಿನ ಮಾತು. ಒಬ್ಬರು ಎಡೆಬಿಡದೆ ಕಿಟಕಿಯ ಬಳಿಯಲ್ಲಿ ಮಗುವಿನ ಕಣ್ಣಿಗೆ ಬೀಳುವಂತೆ ನಿಂತಿರಬೇಕು. ಸಹಾಯಕ್ಕಾಗಿ ಓಡುವವರು ಬೇರೊಬ್ಬರಾಗಿರಬೇಕು. ತಾಯಿಯು ಅತ್ತರೆ ಮಗುವೂ ಅಳುವುದು. ನಗುತ್ತ, ದಿನವೂ ಆಡುವ ಮಾತುಗಳನ್ನೇ ಆಡುತ್ತಿದ್ದರೆ ಮಗುವು ಅದನ್ನು ಆಟವೆಂದು ತಿಳಿಯುವುದು. ನಾಲ್ಕೈದು ವರುಷದ ಮಗುವಾದರೆ ಚಿಲಕವನ್ನು ಎತ್ತುವ ರೀತಿಯನ್ನು ಕೈಸನ್ನೆಯಿಂದ ತೋರಿಸಬಹುದು. ಅನೇಕ ಸಲ ಇಷ್ಟರಿಂದಲೇ ಬಾಗಿಲು ತೆರೆದುಕೊಳ್ಳುವುದು.

ಆದರೆ ಬಿಸಿಲಿನಲ್ಲಿ ಮುಚ್ಚಿದ ವಾಹನದ ಒಳಗಿನ ತಾಪವು ಅರ್ಧ ಗಂಟೆಯೊಳಗೇ ಅಪಾಯಕರವಾಗಿ ಏರಬಹುದೆಂಬುದನ್ನು ಮರೆಯಲಾಗದು. ಚಿಕ್ಕ ಮಕ್ಕಳ ಮೈ ದೊಡ್ಡವರ ಮೈಗಿಂತ ಬೇಗನೆ ಕಾಯುವುದು. ಮಗುವು ಮಂಕಾಗಿದ್ದರೆ, ಹೊಗೆ ಕಾಣಿಸಿದರೆ, ಅನಿಲದ ವಾಸನೆ ಬಂದರೆ, ಒಳಗಿರುವವರು ಕಾಯಿಲೆಯವರಾಗಿದ್ದರೆ ಕಾಯಕೂಡದು. ಬ್ರಿಟನ್ನಿನಲ್ಲಿ ೯೯೯ ಅಥವಾ ೧೧೨, ಆಸ್ಟ್ರೇಲಿಯದಲ್ಲಿ ೦೦೦, ನಮ್ಮ ಭಾರತದಲ್ಲಿ ೧೧೨, ಈ ಸಂಖ್ಯೆಗೆ ಕರೆ ಮಾಡಿ, ಅವರು ಬರುವವರೆಗೂ ಕಾಯಲಾಗದಿದ್ದರೆ ಕಿಟಕಿಯನ್ನು ಒಡೆಯಲೇಬೇಕು. ಮಗುವಿಗೆ ಅತಿ ದೂರದ ಕಿಟಕಿಯನ್ನು ಆರಿಸಿಕೊಳ್ಳಬೇಕು. ಕ್ಯಾರವಾನಿನ ಕಿಟಕಿಗಳು ಮೇಲ್ಗಡೆ ತಿರುಗಣಿಯುಳ್ಳವು; ಕೊಕ್ಕೆಗಳು ಒಳಗಡೆ, ಕೆಳ ಅಂಚಿನ ಸಮೀಪದಲ್ಲಿರುವವು. ಆದುದರಿಂದ ಚಪ್ಪಟೆಯಾದ ಕಬ್ಬಿಣವನ್ನು ಕೆಳ ಅಂಚಿನಲ್ಲಿ ತೂರಿಸಿ ಮೀಟಬೇಕು. ಒಡೆದ ಅಂಚುಗಳು ಹರಿತವಾಗಿರುವುದರಿಂದ ದಪ್ಪ ಕಂಬಳಿಯನ್ನು ಹಾಸದೆ ಯಾರೂ ಒಳಕ್ಕೆ ನುಗ್ಗಬಾರದು. ಒಳಗೆ ಬೆಂಕಿಯೇ ಹತ್ತಿದ್ದು, ಜನರೆಲ್ಲರೂ ಹೊರಗಿದ್ದರೆ, ಸಾಮಾನುಗಳಿಗಾಗಿ ಬಾಗಿಲನ್ನು ಮುಟ್ಟುವುದು ಕೂಡದು. ಸಾಮಾನನ್ನು ಮತ್ತೆ ಸಂಪಾದಿಸಬಹುದು.

೫. ಒಳಗೆ ಯಾರೂ ಇಲ್ಲದಿರುವಾಗ

ಒಳಗೆ ಯಾರೂ ಇಲ್ಲ, ಏನೂ ಉರಿಯುತ್ತಿಲ್ಲ ಎಂದು ನಿಶ್ಚಯವಾದರೆ, ಅದು ವಿಪತ್ತಲ್ಲ, ತೊಂದರೆ ಮಾತ್ರ. ಆಗ ಅವಸರಪಡುವುದಕ್ಕೆ ಯಾವ ಕಾರಣವೂ ಇಲ್ಲ. ಜೇಬು, ಚೀಲ, ಕಾರು ಇವುಗಳನ್ನು ಮತ್ತೊಮ್ಮೆ ಹುಡುಕಬೇಕು. ಬಾಗಿಲು ಎರಡು ಹಲಗೆಗಳದ್ದಾದರೆ ಮೇಲಿನ ಅರ್ಧವು ಸಡಿಲವಾಗಿದೆಯೇ ಎಂದು ನೋಡಬೇಕು. ಕಿಟಕಿಗಳಲ್ಲಿ ಯಾವುದಾದರೂ ಕೊಕ್ಕೆ ಹಾಕದೆ ಉಳಿದಿದೆಯೇ ಎಂದು ಮೆಲ್ಲನೆ ಪರೀಕ್ಷಿಸಬೇಕು. ಗಾಡಿಯನ್ನು ಬಾಡಿಗೆಗೆ ತಂದಿದ್ದರೆ ಕೊಟ್ಟವರಲ್ಲಿ ಎರಡನೆಯ ಬೀಗದಕೈ ಇರುವ ಸಂಭವವುಂಟು.

ಬೀಗದಕೈ ಇದ್ದೂ ತಿರುಗದಿದ್ದರೆ ಎಣ್ಣೆಯನ್ನು ಸುರಿಯಬಾರದು. ಎಣ್ಣೆಯು ಧೂಳನ್ನು ಹಿಡಿದು ಕೆಲವು ದಿನಗಳಲ್ಲಿ ಅಂಟಾಗುವುದು. ನಮ್ಮ ಬಾಲಿಕೆಯರ ಪೆಟ್ಟಿಗೆಯಲ್ಲಿ ಯಾವಾಗಲೂ ಇರುವ ಸೀಸದ ಕಡ್ಡಿಯೇ ಇಲ್ಲಿ ಒಳ್ಳೆಯ ಮದ್ದು. ಅದರ ಕಪ್ಪು ಗ್ರಾಫೈಟನ್ನು ಬೀಗದಕೈಯ ಹಲ್ಲುಗಳ ಮೇಲೆ ಚೆನ್ನಾಗಿ ಉಜ್ಜಿ ಎರಡು ಮೂರು ಸಲ ಒಳಕ್ಕೂ ಹೊರಕ್ಕೂ ಆಡಿಸಿದರೆ, ಬಿಗಿದ ಹಲ್ಲೆಗಳು ಅನೇಕ ವೇಳೆ ಸಡಿಲವಾಗುವವು. ಹೆಪ್ಪುಗಟ್ಟಿದ ಬೀಗಕ್ಕೆ ಕುದಿನೀರನ್ನು ಹೊಯ್ಯಕೂಡದು. ಅದು ಮತ್ತೆ ಹೆಪ್ಪುಗಟ್ಟುವುದಲ್ಲದೆ ಹತ್ತಿರದ ಕಿಟಕಿಯನ್ನೂ ಸೀಳಬಹುದು. ಅಂಗೈಯಲ್ಲಿ ಬೆಚ್ಚಗೆ ಮಾಡಿದ ಲೋಹದ ಬೀಗದಕೈಯನ್ನು ತೂರಿಸಿ ಸ್ವಲ್ಪ ಹೊತ್ತು ಕಾಯುವುದು ಲೇಸು. ತುಂಡಾದ ಬೀಗದಕೈಯನ್ನು ಅಂಟು ಹಚ್ಚಿದ ಕಡ್ಡಿಯಿಂದ ಎಳೆಯಹೋಗುವವರು ಬೀಗವನ್ನೇ ಕೆಡಿಸುವರು.

ಮಾಡಬಾರದ ಕೆಲಸಗಳಲ್ಲಿ ಮುಖ್ಯವಾದವು ಎರಡು. ಕಿಟಕಿಗಳು ಗಾಜಿನವಲ್ಲ, ಅಕ್ರಿಲಿಕ್ ಎಂಬ ಪಾರದರ್ಶಕ ಪದಾರ್ಥದ ಎರಡು ಹಾಳೆಗಳನ್ನು ಕೂಡಿಸಿ ಮಾಡಿದವು. ಮೀಟಿದರೆ ಸೀಳುವವು, ಬದಲಾಯಿಸುವುದು ದುಬಾರಿ. ಪ್ರಾಣಾಪಾಯವಿಲ್ಲದಾಗ ಅವುಗಳನ್ನು ಮುಟ್ಟಬಾರದು. ಚಾವಣಿಯ ಬೆಳಕಿಂಡಿಯಿಂದ ಇಳಿಯುವೆನೆಂದು ಮೇಲೆ ಹತ್ತುವುದೂ ಕೂಡದು. ಆ ಚಾವಣಿಯು ತೆಳ್ಳಗಿನದು, ಮನುಷ್ಯನ ಭಾರಕ್ಕಾಗಿ ಮಾಡಿದ್ದಲ್ಲ. ಸಣ್ಣ ಹುಡುಗರನ್ನು ಇಂತಹ ಕಿಂಡಿಗಳಲ್ಲಿ ತೂರಿಸಿ ಕಳುಹಿಸುವ ಉಪಾಯವು ಚಮತ್ಕಾರವಾಗಿ ಕಂಡರೂ, ಮುಚ್ಚಿದ ಬಾಗಿಲಿನ ಒಳಗೆ ಗಾಯಗೊಂಡ ಮಗುವೊಂದನ್ನು ನಾವೇ ಸೇರಿಸಿದಂತಾದೀತು.

೬. ಬೀಗದ ಕೆಲಸದವರನ್ನು ಕರೆಯುವಾಗ

ಮೊದಲು ಬಿಡಾರದ ಬಯಲಿನ ಮೇಲ್ವಿಚಾರಕರಿಗೆ ತಿಳಿಸುವುದು ಉಚಿತ. ಸಮೀಪದಲ್ಲಿ ನಂಬಿಕೆಯುಳ್ಳ ಕೆಲಸಗಾರರು ಯಾರೆಂದು ಅವರು ಬಲ್ಲರು. ಬ್ರಿಟನ್ನಿನಲ್ಲಿ ಈ ಕಸುಬಿಗೆ ಸರ್ಕಾರದ ಪರವಾನಗಿಯ ನಿಯಮವಿಲ್ಲವಾದುದರಿಂದ, ಕೆಲಸಕ್ಕೆ ಮುಂಚೆಯೇ ಕೂಲಿಯನ್ನು ಕೇಳಿ ತಿಳಿದು, ಬೀಗವನ್ನು ಕೆಡಿಸದೆ ತೆರೆಯಬಲ್ಲಿರಾ ಎಂದು ವಿಚಾರಿಸತಕ್ಕದ್ದು. ಬೀಗದ ಮುಖದ ಮೇಲಾಗಲಿ ಬೀಗದಕೈಯ ಮೇಲಾಗಲಿ ಒಂದು ಅಂಕೆಯು ಕೊರೆದಿರುವುದುಂಟು. ಆ ಅಂಕೆಯಿಂದ ಹೊಸ ಬೀಗದಕೈಯನ್ನು ಮಾಡಿಸಬಹುದು.

ಪ್ರಾಮಾಣಿಕನಾದ ಕೆಲಸಗಾರನು ಈ ಗಾಡಿಯು ನಿಮ್ಮದೆಂಬುದಕ್ಕೆ ಗುರುತೇನೆಂದು ಕೇಳುವನು. ಅದಕ್ಕೆ ಸಿಟ್ಟಾಗಬಾರದು, ಕೇಳದೆ ತೆರೆದುಕೊಡುವವನು ನಾಳೆ ಕಳ್ಳನಿಗೂ ಹಾಗೆಯೇ ತೆರೆದುಕೊಡುವನು. ಬ್ರಿಟನ್ನಿನಲ್ಲಿ ೧೯೯೨ರಿಂದೀಚೆಗೆ ತಯಾರಾದ ಕ್ಯಾರವಾನುಗಳ ಕಿಟಕಿಗಳ ಮೇಲೆ ಪ್ರಾಯಶಃ ಹದಿನೇಳು ಅಕ್ಷರಾಂಕೆಗಳ ಗುರುತು ಕೊರೆದಿರುವುದು. ಅದನ್ನು ಬರೆದುಕೊಂಡಿರುವ ಕಾಗದವು ಕ್ಯಾರವಾನಿನೊಳಗೇ ಬೀಗದಲ್ಲಿ ಸಿಕ್ಕಿಕೊಂಡಿದ್ದರೆ ಪ್ರಯೋಜನವೇನು? ಆದುದರಿಂದ ಅದರ ಪ್ರತಿಯೊಂದು ಕಾರಿನಲ್ಲಿಯೋ ಮನೆಯಲ್ಲಿಯೋ ಇರತಕ್ಕದ್ದು.

೭. ಬಾಗಿಲಿನ ಶಿಸ್ತು

ನಿವಾರಣೆಯು ಪರಿಹಾರಕ್ಕಿಂತ ಸುಲಭ. ಬೀಗದಕೈಯು ಮೈಮೇಲಿಲ್ಲದೆ ಹೊಸಿಲು ದಾಟಬಾರದು, ನಲ್ಲಿಯವರೆಗೆ ಹೋಗುವುದಾದರೂ ಸರಿ. ಒಲೆಯ ಮೇಲೆ ಏನನ್ನಾದರೂ ಇಟ್ಟು ಮಗುವನ್ನು ಒಂಟಿಯಾಗಿ ಬಿಟ್ಟು ಹೊರಡಬಾರದು. ಬಾಗಿಲನ್ನು ತೆರೆದಿಡುವಾಗ ಹೊರಗೋಡೆಯ ಕೊಕ್ಕೆಗೆ ಸಿಕ್ಕಿಸಬೇಕು. ಬೀಗದಕೈಯ ಎರಡನೆಯ ಜೊತೆಯನ್ನು ಬೇರೊಬ್ಬರ ವಶದಲ್ಲಿಡಬೇಕು. ಒಂದೇ ಗೊಂಚಲಿನಲ್ಲಿ ಎರಡೂ ಇದ್ದರೆ ಅದು ಎರಡಲ್ಲ, ಒಂದೇ. ಮೆಟ್ಟಿಲ ಕೆಳಗೂ ಸಿಲಿಂಡರಿನ ಪೆಟ್ಟಿಗೆಯಲ್ಲೂ ಬಚ್ಚಿಡುವುದು ವ್ಯರ್ಥ, ಏಕೆಂದರೆ ಕಳ್ಳನು ಮೊದಲು ನೋಡುವುದು ಅಲ್ಲಿಯೇ. ಬೆಂಗಳೂರು, ಮಂಗಳೂರುಗಳ ಮಹಡಿಮನೆಗಳಲ್ಲಿ ಗಾಳಿಗೆ ಮುಚ್ಚಿ ತಾವಾಗಿ ಬೀಗಬೀಳುವ ಬಾಗಿಲುಗಳಿಗೂ, ಮಕ್ಕಳು ಒಳಗಿನಿಂದ ಚಿಲಕ ಹಾಕಿಕೊಳ್ಳುವ ಸ್ನಾನದ ಮನೆಗಳಿಗೂ ಈ ಶಿಸ್ತು ಅಷ್ಟೇ ಅವಶ್ಯಕ.

ಅಪೊಸ್ತಲರ ಕೃತ್ಯಗಳ ೧೨ನೆಯ ಅಧ್ಯಾಯದಲ್ಲಿ ರೋದೆ ಎಂಬ ಹುಡುಗಿಯ ಸಂಗತಿಯಿದೆ. ಸೆರೆಮನೆಯಿಂದ ಬಿಡುಗಡೆಯಾಗಿ ಬಂದ ಪೇತ್ರನು ಇರುಳಿನಲ್ಲಿ ಕದವನ್ನು ತಟ್ಟಿದಾಗ ಆಕೆಯು ಅವನ ಧ್ವನಿಯನ್ನು ಗುರುತಿಸಿ, ಸಂತೋಷದ ಭರದಲ್ಲಿ ಕದವನ್ನು ತೆರೆಯುವುದನ್ನೇ ಮರೆತು ಒಳಕ್ಕೆ ಓಡಿದಳು. ಸೆರೆಮನೆಯ ಕಬ್ಬಿಣದ ಬಾಗಿಲು ತಾನಾಗಿ ತೆರೆದಿದ್ದರೂ, ಸ್ನೇಹಿತರ ಮನೆಯ ಬಾಗಿಲಲ್ಲಿ ಪೇತ್ರನು ನಿಂತು ತಟ್ಟುತ್ತಲೇ ಇರಬೇಕಾಯಿತು. ಭರವು ಸಂತೋಷದ್ದಾಗಲಿ ಭಯದ್ದಾಗಲಿ, ಅದು ಬಾಗಿಲನ್ನು ಮರೆಯಿಸುವುದು. ಗಾಬರಿಯಲ್ಲಿಯೂ ಮೊದಲು ಮಾಡತಕ್ಕದ್ದನ್ನು ಮೊದಲು ಮಾಡುವಂತೆ ಮನಸ್ಸನ್ನು ಪಳಗಿಸುವುದೇ ವಿದ್ಯೆಯ ಫಲಗಳಲ್ಲೊಂದು.

ಇನ್ನೊಂದು ಮಾತು. ಹೊರಗೆ ಸಿಕ್ಕಿಬಿದ್ದವರು ನಾಚಿಕೆಯಿಂದ ಮಳೆಯಲ್ಲಿ ನಿಂತುಕೊಂಡಿರುವುದುಂಟು. ನೆರೆಯವರಲ್ಲಿ ಸಹಾಯ ಕೇಳುವುದು ಅವಮಾನವಲ್ಲ. ನೆರೆಯವರಾದ ನಾವು, ಅವರು ಕೇಳುವ ಮುಂಚೆಯೇ ನಮ್ಮ ಬಾಗಿಲನ್ನು ತೆರೆದು, ಮಕ್ಕಳನ್ನು ಬೆಚ್ಚಗೆ ಕೂರಿಸಿ, ಒಂದು ಬಟ್ಟಲು ಚಹವನ್ನು ಕೊಡುವುದು ಧರ್ಮ.

ಮನೆಯಲ್ಲಿ ಮಾಡತಕ್ಕ ಅಭ್ಯಾಸ

(೧) ನಿಮ್ಮ ಮನೆಯ ಎರಡನೆಯ ಬೀಗದಕೈ ಈಗ ಎಲ್ಲಿದೆ, ಯಾರ ವಶದಲ್ಲಿದೆ ಎಂದು ವಿಚಾರಿಸಿ ತಿಳಿಯಿರಿ.
(೨) ಅನಿಲದ ಸಿಲಿಂಡರಿನ ತಿರುಪನ್ನು ಮುಚ್ಚುವ ರೀತಿಯನ್ನು ಮನೆಯ ದೊಡ್ಡವರೆಲ್ಲರೂ ಒಮ್ಮೆ ಕೈಯಾರೆ ಮಾಡಿ ಕಲಿಯಿರಿ.
(೩) ಒಳಗಿನ ಚಿಲಕವನ್ನು ತೆಗೆಯುವುದನ್ನು ನಾಲ್ಕು ವರುಷ ದಾಟಿದ ಮಕ್ಕಳಿಗೆ ಆಟದಂತೆ ಕಲಿಸಿರಿ; ಅದಕ್ಕಿಂತ ಚಿಕ್ಕವರಿಗೆ ಚಿಲಕವು ಎಟುಕದಂತೆ ಮಾಡಿರಿ.
(೪) ೧೧೨ ಎಂಬ ಸಂಖ್ಯೆಯನ್ನೂ ನಿಮ್ಮ ಮನೆಯ ವಿಳಾಸವನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿರಿ.